ತೂತುಗಳನ್ನು ಓದಿ, ವೈಕಿಂಗ್ ಕಾಲದ ಶೂ ಹೊಲಿಯಿರಿ

ಇಂಗ್ಲೆಂಡಿನ ಯಾರ್ಕ್ ನಗರದ ಕಾಪರ್‌ಗೇಟ್‌ನಲ್ಲಿ 1976ರಿಂದ 1981ರವರೆಗೆ ನಡೆದ ಉತ್ಖನನದಲ್ಲಿ ವೈಕಿಂಗರ (ಸ್ಕ್ಯಾಂಡಿನೇವಿಯಾದ ಕಡಲಯಾನಿಗಳ) ಕಾಲದ ಚರ್ಮದ ಶೂಗಳು ಸಿಕ್ಕವು. ಸಾವಿರ ವರ್ಷ ಅವನ್ನು ಕಾಪಾಡಿದ್ದು ಗಾಳಿಯಾಡದ ಒದ್ದೆ ಮಣ್ಣು. ಆದರೆ ಅಂಥ ಮಣ್ಣಲ್ಲಿ ಅಗಸೆ ನಾರಿನ ದಾರ ಸಾಮಾನ್ಯವಾಗಿ ಉಳಿಯುವುದಿಲ್ಲ. ಸಿಗುವುದು ಬಿಡಿ ತುಂಡುಗಳು, ಅಂಚಿನುದ್ದಕ್ಕೂ ಖಾಲಿ ತೂತುಗಳು.

ಹಾಗಾಗಿ ಕತ್ತರಿ ಹಿಡಿಯುವ ಮೊದಲು ತೂತುಗಳನ್ನು ನೋಡಿ. ಮ್ಯೂಸಿಯಂ ಚಿತ್ರಗಳನ್ನು ದೊಡ್ಡದು ಮಾಡಿ ನೋಡಿದರೂ ಸಾಕು. ತೂತು ಚರ್ಮದ ಒಳಮೈಯಿಂದ ಹೊಕ್ಕು ಕತ್ತರಿಸಿದ ಅಂಚಿನಲ್ಲಿ ಹೊರಬಂದಿದ್ದರೆ, ಅದು ಅಂಚಿಗೆ ಅಂಚು ಕೂಡಿಸಿದ ಹೊಲಿಗೆ. ಹೊರಮೈಗೆ ದಾರವೇ ಬರುವುದಿಲ್ಲ, ಸವೆಯುವುದೂ ಇಲ್ಲ. ಎಂಥಾ ಜಾಣ ಕೈಗಳು ಅಲ್ವಾ! ಅಳತೆ ಮಾತ್ರ ನಿಮ್ಮ ಕಾಲಿನದೇ ಇರಲಿ. ಹಳೇ ಚರ್ಮ ಒಣಗುವಾಗ ಕುಗ್ಗಿರುತ್ತದೆ.

ಚರ್ಮ ತೊಗಟೆಯಿಂದ ಹದ ಮಾಡಿದ್ದೇ ಬೇಕು. ಅಲ್ಲಿ ಓಕ್ ತೊಗಟೆ ಬಳಸುತ್ತಿದ್ದರು. ನಮ್ಮಲ್ಲಿ ತಂಗಡಿ ತೊಗಟೆ ಅಥವಾ ಅಳಲೆಕಾಯಿಯಲ್ಲಿ ಹದ ಮಾಡಿದ್ದು ಸಿಕ್ಕರೆ ಒಳ್ಳೆಯದು. ಅಟ್ಟೆಗೆ 3–4 ಮಿ.ಮೀ., ಮೇಲ್ಭಾಗಕ್ಕೆ 2 ಮಿ.ಮೀ. ದಪ್ಪ ಸಾಕು.

ಮೊದಲು ಹಳೇ ಬಟ್ಟೆಯಲ್ಲಿ ಮಾದರಿ ಕತ್ತರಿಸಿ ಕಾಲಿಗೆ ಸುತ್ತಿ ನೋಡಿ. ಮೇಲ್ಭಾಗ ಪಾದವನ್ನು ಸುತ್ತುವ ಒಂದೇ ತುಂಡು. ಎರಡು ತುದಿಗಳು ಪಾದದ ಒಳಬದಿಯಲ್ಲಿ ಕೂಡುತ್ತವೆ. ಕಾಪರ್‌ಗೇಟ್‌ನ ಹಲವು ಶೂಗಳಲ್ಲಿ ಅಟ್ಟೆಯ ಹಿಂತುದಿ ಚೂಪಾಗಿ ಹಿಮ್ಮಡಿಯ ಮೇಲಕ್ಕೆ ಏರುತ್ತದೆ. ಅದಕ್ಕೆ ಸರಿಯಾಗಿ ಮೇಲ್ಭಾಗದಲ್ಲೂ ಕಚ್ಚು ಬಿಡಿ.

ಇನ್ನು ಹೊಲಿಗೆ. ಶೂ ಒಳಮೈ ಹೊರಗೆ ಬರುವಂತೆ, ತಿರುಗುಮುರುಗಾಗಿ ಹೊಲಿಯಬೇಕು. ಅಗಸೆ ದಾರಕ್ಕೆ ಜೇನುಮೇಣ ತಿಕ್ಕಿ, ಎರಡೂ ತುದಿಗೆ ಸೂಜಿ ಪೋಣಿಸಿ. ಚರ್ಮ ಚುಚ್ಚುವ ಮೊನಚು ಉಳಿಯಿಂದ ಮೊದಲೇ ತೂತು ಹಾಕಿ. ಉಳಿಯನ್ನು ಓರೆಯಾಗಿ ಹಿಡಿದು, ಅಟ್ಟೆಯ ಒಳಮೈಯಿಂದ ಚುಚ್ಚಿ ಅಂಚಿನ ದಪ್ಪದ ನಡುವೆ ಹೊರಬರಲಿ. ಎರಡು ಸೂಜಿಗಳೂ ಒಂದೇ ತೂತಿನಲ್ಲಿ ಎದುರುಬದುರಾಗಿ ದಾಟಬೇಕು. ಪ್ರತಿ ಹೊಲಿಗೆಯನ್ನೂ ಬಿಗಿಯಾಗಿ ಎಳೆಯಿರಿ. ಅವಸರ ಮಾಡಿದರೆ ಅಂಚು ಹರಿಯುತ್ತದೆ.

ಮುಗಿದ ಮೇಲೆ ತಣ್ಣೀರಲ್ಲಿ ನೆನೆಸಿ. ಬಿಸಿನೀರು ಬೇಡವೇ ಬೇಡ, ಚರ್ಮ ಮುದುಡಿ ಗಟ್ಟಿಯಾಗುತ್ತದೆ. ಮೆತ್ತಗಾದಾಗ, ಹೊರಮೈ ಮತ್ತೆ ಹೊರಗೆ ಬರುವಂತೆ ಹಿಮ್ಮಡಿ ಕಡೆಯಿಂದ ತಿರುಗಿಸುತ್ತಾ ಬನ್ನಿ. ಬೆರಳಿನ ಭಾಗ ಜಾಸ್ತಿ ಸತಾಯಿಸುತ್ತದೆ. ಮೊಂಡು ತುದಿಯ ಕೋಲಿನಿಂದ ಒಳಗಿನಿಂದ ಒತ್ತಿ. ಒದ್ದೆ ಇರುವಾಗಲೇ ತೊಟ್ಟು ಸ್ವಲ್ಪ ಓಡಾಡಿದರೆ ಕಾಲಿನ ಆಕಾರಕ್ಕೆ ಕೂರುತ್ತದೆ. ಆಮೇಲೆ ನೆರಳಲ್ಲಿ ಒಣಗಿಸಿ, ತೆಳ್ಳಗೆ ಎಣ್ಣೆ ಸವರಿ.