ತುರುಗೋಳಿಗೆ ಕುಂಚದ ಮಸಿ

ಐರ್ಲೆಂಡಿನ ಹಳೆಯ ವೀರಕಥೆ ‘ತಾಯ್ನ್’ ಅನ್ನು ಚಿತ್ರಗಳೊಡನೆ ಕನ್ನಡಕ್ಕೆ ತರುವಾಗ ಹೆಸರೇ ಮೊದಲ ತೊಡಕು. ‘ತಾಯ್ನ್ ಬೋ’ ಎಂದರೆ ದನ ಹೊಡೆದುಕೊಂಡು ಹೋಗುವುದು. ‘ದನಗಳ ದಾಳಿ’ ಎಂದು ಬರೆದರೆ ದನಗಳೇ ಮೇಲೆ ಬಿದ್ದಂತಾಗುತ್ತದೆ. ನಮ್ಮ ವೀರಗಲ್ಲುಗಳ ‘ತುರುಗೋಳ್’ ಇದೇ ಅಲ್ಲವೇ? ಅದನ್ನೇ ಇಟ್ಟೆ. ಐರಿಷ್‌ನ ಈ ‘ತ’ ಹಲ್ಲಿಗೆ ತಾಗುವಂಥದ್ದು, ಇಂಗ್ಲಿಷ್ ನೋಡಿ ‘ಟಾಯಿನ್’ ಮಾಡಬಾರದು. ಕಥಾನಾಯಕನ ಹೆಸರಿನಲ್ಲಿ ‘ಕೂ’ ಎಂದರೆ ನಾಯಿ; ಕುಲನ್‌ನ ನಾಯಿ ‘ಕೂ ಹುಲಿನ್’ ಆಗುವುದು ಮಳೆ, ಕಾಲ ಸೇರಿ ಮಳೆಗಾಲ ಆದ ಹಾಗೆ.

ಕಥೆಯ ಹಳೆಯ ಪಾಠ 1100ರ ಸುಮಾರಿನ ‘ಕಂದು ಹಸುವಿನ ಪುಸ್ತಕ’ ಎಂಬ ಹಸ್ತಪ್ರತಿಯಲ್ಲಿ ಅರ್ಧಂಬರ್ಧ ಉಳಿದಿದೆ. ಐರಿಷ್ ಕವಿ ಥಾಮಸ್ ಕಿನ್ಸೆಲ್ಲಾ 1969ರ ಇಂಗ್ಲಿಷ್ ಅನುವಾದಕ್ಕೆ ಆ ಪಾಠವನ್ನೇ ಹಿಡಿದು, ರಾಣಿ ಮೇವ್ ಮತ್ತು ಅವಳ ಗಂಡ ಐಲಿಲ್ ಹಾಸಿಗೆಯಲ್ಲಿ ಆಸ್ತಿ ಎಣಿಸುವ ಆರಂಭವನ್ನು 12ನೇ ಶತಮಾನದ ಹಸ್ತಪ್ರತಿ ‘ಲೆನ್‌ಸ್ಟರ್ ಪುಸ್ತಕ’ದಿಂದ ತಂದರು. ನಾನೂ ಅದೇ ಜಾಡು ಹಿಡಿದೆ.

ಗದ್ಯದ ನಡುವೆ ಪದ್ಯ ಬರುವುದು ಚಂಪೂ ಓದಿದವರಿಗೆ ಹೊಸದಲ್ಲ. ಆದರೆ ‘ರೋಸ್ಕ್’ ಎಂಬ ಒಗಟಿನಂಥ ಸಾಲುಗಳನ್ನು ಕಂದಕ್ಕೆ ಕೂರಿಸಿದರೆ ಕೆಟ್ಟವು. ಮಾತ್ರೆ ತುಂಬಲು ಹಾಕಿದ ಪದವೇ ಇಲ್ಲದ ಅರ್ಥ ಹೇಳತೊಡಗುತ್ತದೆ. ಎರಡು ಮೂರು ಪದದ ಸಾಲುಗಳಾಗಿ ಒಡೆದೆ.

ಕಷ್ಟವಾದದ್ದು ಕೂ ಹುಲಿನ್‌ನ ‘ರೀಅಸ್ತ್ರದ್’, ಕಾಳಗದ ಹೊತ್ತಿನ ಅವನ ರೂಪಾಂತರ. ‘ಆವೇಶ’ ಎಂದರೆ ಯಾವುದೋ ದೈವ ಮೈಮೇಲೆ ಬಂದಂತೆ. ಇಲ್ಲಿ ಬರುವವರು ಯಾರೂ ಇಲ್ಲ, ಚರ್ಮದೊಳಗೆ ದೇಹವೇ ತಿರುಗುತ್ತದೆ. ‘ಮೈತಿರುಚು’ ಎಂದೆ. ಮೀನಖಂಡ ಮುಂದಕ್ಕೆ, ಒಂದು ಕಣ್ಣು ಕೊಕ್ಕರೆಯ ಕೊಕ್ಕಿಗೂ ಎಟುಕದಷ್ಟು ಒಳಕ್ಕೆ, ಇನ್ನೊಂದು ಕೆನ್ನೆಯ ಮೇಲೆ. ಇದನ್ನು ಹಾಗೇ ಚಿತ್ರಿಸಿದರೆ ಬಣ್ಣದ ವೇಷವಾದೀತು, ಅದೂ ಕಳಪೆಯದು. ಕಿನ್ಸೆಲ್ಲಾ ಪುಸ್ತಕಕ್ಕೆ ಐರಿಷ್ ಕಲಾವಿದ ಲೂಯಿ ಲ ಬ್ರೊಕಿ ಬರೆದ ಕುಂಚಚಿತ್ರಗಳನ್ನು ನೋಡಿ: ಕಪ್ಪು ಮಸಿಯ ಕಲೆಗಳು, ವಿವರ ಅತ್ಯಲ್ಪ. ಸೈನ್ಯವೆಂದರೆ ಪುಟ ತುಂಬ ಚುಕ್ಕೆಗಳ ಸಂತೆ.

ಹಾಗೆ ಮಾಡಲು ಕಾಗದ ಮುಖ್ಯ. ಅಂಟು ಹಾಕದ ಕೈಕಾಗದ ಮಸಿ ಕುಡಿದು ಅಂಚನ್ನು ಕೊಲ್ಲುತ್ತದೆ. 300 ಜಿಎಸ್‌ಎಂ (ಚದರ ಮೀಟರಿಗೆ 300 ಗ್ರಾಂ) ಜಲವರ್ಣದ ಕಾಗದ, 12ನೇ ನಂಬರಿನ ದುಂಡು ಕುಂಚ, ನೀರು ಬೆರೆಸದ ಇಂಡಿಯನ್ ಇಂಕ್. ಅದ್ದಿದ ಕುಂಚವನ್ನು ಬಟ್ಟೆಗೆ ಒಮ್ಮೆ ಒತ್ತಿ, ಒಂದೇ ಎಳೆತ. ತಿದ್ದಿದರೆ ಕಲೆ ಸಾಯುತ್ತದೆ, ಹಾಳೆ ಬದಲಿಸಬೇಕು. ಇಪ್ಪತ್ತಕ್ಕೆ ಒಂದು ನಿಂತರೆ ಪುಣ್ಯ.

ಸ್ಕ್ಯಾನ್ 1200 ಡಿಪಿಐ (ಅಂಗುಲಕ್ಕೆ 1200 ಚುಕ್ಕೆ), ಶುದ್ಧ ಕಪ್ಪು-ಬಿಳುಪಿನಲ್ಲಿ. ಬೂದುಛಾಯೆಯಲ್ಲಿ ಕಳಿಸಿದರೆ ಮುದ್ರಣದಲ್ಲಿ ಅಂಚೆಲ್ಲ ಚುಕ್ಕೆಚುಕ್ಕೆ. ಯಾವ ಬೂದಿನವರೆಗೆ ಕಪ್ಪೆಂದು ಎಣಿಸಬೇಕೆಂಬ ಮಿತಿಯನ್ನು ಹೆಚ್ಚಿಸಿದರೆ ಒಣಕುಂಚದ ಬಿಳಿ ಗೀರುಗಳು ಮುಚ್ಚಿಹೋಗುತ್ತವೆ. ಒತ್ತಕ್ಷರಗಳಿಗಾಗಿ 12 ಪಾಯಿಂಟ್ ಅಕ್ಷರಕ್ಕೆ 18 ಪಾಯಿಂಟ್ ಸಾಲಂತರ ಬೇಕು. ಆಗ ಅಕ್ಷರದ ಪುಟ ತಿಳಿಯಾಗಿ ಕಂಡು, ಪಕ್ಕದ ಚಿತ್ರದ ಮಸಿ ಇನ್ನಷ್ಟು ಭಾರ ಕಾಣುತ್ತದೆ. ಅದಕ್ಕೇ ಚಿತ್ರವನ್ನು ಕಾಲುಭಾಗ ಕುಗ್ಗಿಸಿದೆ. 80 ಜಿಎಸ್‌ಎಂ ಹಾಳೆಯಲ್ಲಿ ಮಸಿ ಹಿಂದಕ್ಕೆ ಹಾಯುವುದರಿಂದ ಕೂ ಹುಲಿನ್‌ನ ಗೆಳೆಯ ಫೆರ್ದಿಯಾ ಅವನ ಕೈಯಲ್ಲೇ ಸಾಯುವ ಚಿತ್ರದ ಬೆನ್ನಿನ ಪುಟ ಖಾಲಿ ಬಿಟ್ಟೆ.