ಊರಿನ ರೈತರಿಂದಲೇ ಸಾವಯವ ತರಕಾರಿ ಕೊಳ್ಳುವವರಿಗೆ ಒಂದು ಸಲಹೆ

ಕಾಸರಗೋಡಿನ ಗೇರುತೋಟಗಳ ಮೇಲೆ ವರ್ಷಾನುಗಟ್ಟಲೆ ಎಂಡೋಸಲ್ಫಾನ್ ಎಂಬ ವಿಷಕಾರಿ ಕೀಟನಾಶಕ ಸುರಿದದ್ದನ್ನು ಕಂಡ ನಮಗೆ, ತಟ್ಟೆಗೆ ಬರುವ ತರಕಾರಿ ಯಾರ ಗದ್ದೆಯದೆಂದು ತಿಳಿಯುವುದು ಅತ್ಯಗತ್ಯವೆಂದು ನಾನು ನಂಬುತ್ತೇನೆ. ಬೆಳೆಗಾರರ ಪರಿಚಯವಿಲ್ಲದಿದ್ದರೆ ಮೊದಲು ನಿಮ್ಮ ಪಂಚಾಯತಿನ ಕೃಷಿ ಭವನದಲ್ಲಿ ವಿಚಾರಿಸಿರಿ.

ಖರೀದಿಗೆ ಮುನ್ನ ಒಮ್ಮೆ ಗದ್ದೆಗೆ ಹೋಗಿಬನ್ನಿರಿ. ಹಾಗಲ, ಪಡುವಲ ಚಪ್ಪರದಡಿ ತೆಂಗಿನ ಗೆರಟೆಯಲ್ಲಿ ಬಾಳೆಹಣ್ಣು, ಬೆಲ್ಲ ಇಟ್ಟು ಹಣ್ಣುನೊಣಕ್ಕೆ ಬಲೆ ಒಡ್ಡಿದ್ದರೆ, ಅಲಸಂಡೆಯ ಕುಡಿಯಲ್ಲಿ ಅಲ್ಲಲ್ಲಿ ಕಪ್ಪು ಹೇನು ಉಳಿದಿದ್ದರೆ, ವಿಷ ಸಿಂಪಡಿಸಿಲ್ಲವೆಂಬುದಕ್ಕೆ ಅದು ಒಳ್ಳೆಯ ಸೂಚನೆಯೇ ಹೊರತು ಪೂರ್ಣ ಪುರಾವೆಯಲ್ಲ. ಆದ್ದರಿಂದ ಕೀಟ ಬಂದಾಗ ಏನು ಸಿಂಪಡಿಸುತ್ತೀರಿ, ಪಕ್ಕದ ಅಡಿಕೆ ತೋಟದ ನೀರು ಇತ್ತ ಹರಿಯುತ್ತದೆಯೇ ಎಂದು ವಿನಯದಿಂದ ಕೇಳಿರಿ. ಪಿಜಿಎಸ್ (ರೈತರ ಗುಂಪೇ ಪರಸ್ಪರ ಪರಿಶೀಲಿಸಿ ಕೊಡುವ ಸಾವಯವ ಖಾತರಿ) ಪ್ರಮಾಣಪತ್ರವಿದ್ದರೆ, ‘ಗ್ರೀನ್’ ಎಂದರೆ ಪರಿವರ್ತನೆಯ ಹಂತ, ‘ಆರ್ಗ್ಯಾನಿಕ್’ ಎಂದರೆ ಪೂರ್ಣ ಸಾವಯವ ಎಂಬುದು ನೆನಪಿರಲಿ.

ನಾಲ್ಕೈದು ಮನೆಯವರು ಸೇರಿ ವಾರಕ್ಕೊಮ್ಮೆ ಇಂತಿಷ್ಟು ಎಂದು ಮುಂಗಡವಾಗಿ ಹೇಳಿದರೆ ರೈತರಿಗೂ ಧೈರ್ಯ. ಮಳೆಗಾಲದಲ್ಲಿ ಟೊಮೆಟೊ ಕೇಳಬೇಡಿರಿ. ಬೆಂಡೆ, ಹೀರೆ, ಮುಳ್ಳುಸೌತೆ ಸಿಕ್ಕೀತು. ಬೇಸಿಗೆಯ ಬಲಿತ ಸಾಂಬಾರು ಸೌತೆಯನ್ನು ಹೆಚ್ಚಾಗಿಯೇ ಕೊಂಡು, ಬಾಳೆನಾರಿನಲ್ಲಿ ಕಟ್ಟಿ ಅಟ್ಟದಡಿ ತೂಗುಹಾಕಿದರೆ ತಿಂಗಳುಗಟ್ಟಲೆ ಕೆಡದು.