ಲಾರಿ ಅಪಘಾತದ ಕ್ಲೇಮಿನಲ್ಲಿ ಎದುರುದಾರರು ಯಾರಾಗಬೇಕು?

ಬೆಳಗಾವಿಯನ್ನು ಹಾದುಹೋಗುವ ರಾಷ್ಟ್ರೀಯ ಹೆದ್ದಾರಿ 48ರಲ್ಲಿ ಲಾರಿ ಬಡಿದು ಯಾರಾದರೂ ಗಾಯಗೊಂಡರೆ ಇಲ್ಲವೇ ತೀರಿಕೊಂಡರೆ, ಮನೆಯವರ ಸಿಟ್ಟೆಲ್ಲ ಚಾಲಕನ ಮೇಲೆಯೇ ಹೋಗುತ್ತದೆ. ಆದರೆ ಪರಿಹಾರದ ಹಣ ಚಾಲಕನ ಕಿಸೆಯಿಂದ ಬರುವುದು ಅಪರೂಪ. ಕೆಲಸದ ಮೇಲಿದ್ದ ಚಾಲಕನ ತಪ್ಪಿಗೆ ಮಾಲೀಕನೂ ಹೊಣೆಯಾಗುತ್ತಾನೆ ಮತ್ತು ಆ ಹೊಣೆಯನ್ನು ಥರ್ಡ್ ಪಾರ್ಟಿ ವಿಮೆ (ವಾಹನದಿಂದ ಹೊರಗಿನವರಿಗೆ ಆದ ಹಾನಿಗೆ ಇರುವ ವಿಮೆ) ಕೊಟ್ಟ ಕಂಪನಿ ಹೊರುತ್ತದೆ. ಹಾಗಾಗಿ ಅರ್ಜಿಯಲ್ಲಿ ಚಾಲಕ, ಮಾಲೀಕ, ವಿಮಾ ಕಂಪನಿ ಮೂವರನ್ನೂ ಎದುರುದಾರರನ್ನಾಗಿ ಸೇರಿಸುವುದು ಒಳ್ಳೆಯದು.

ಮಾಲೀಕ ಯಾರು ಎಂಬಲ್ಲಿಯೇ ಹೆಚ್ಚಿನ ಗೊಂದಲ. ಹಳೆಯ ಲಾರಿಯನ್ನು ಬಾಂಡ್ ಪೇಪರ್ ಮೇಲೆ ಮಾರಿ, ಆರ್‌ಸಿಯಲ್ಲಿ (ವಾಹನದ ನೋಂದಣಿ ಪತ್ರದಲ್ಲಿ) ಹೆಸರು ಬದಲಿಸದೆ ಬಿಡುವುದು ನಮ್ಮ ಕಡೆ ಹೊಸತಲ್ಲ. ಅಂಥ ವ್ಯವಹಾರಗಳಲ್ಲಿ ಆರ್‌ಸಿಯಲ್ಲಿ ಹೆಸರಿರುವವನೇ ಮಾಲೀಕ ಎಂದು ಸುಪ್ರೀಂ ಕೋರ್ಟ್ 2018ರಲ್ಲಿ ಹೇಳಿದೆ. ಆದ್ದರಿಂದ ‘ಲಾರಿ ಮಾರಿಬಿಟ್ಟಿದ್ದೇನೆ’ ಎಂಬ ಮಾತನ್ನು ನಂಬಿ ಅವನನ್ನು ಬಿಡಬಾರದು. ಸಂದೇಹವಿದ್ದರೆ ಕೊಂಡವನನ್ನೂ ಸೇರಿಸಬೇಕು. ಲಾರಿ ಸಾಲದ ಮೇಲಿದ್ದರೆ, ಕಾನೂನಿನ ಪ್ರಕಾರ ಮಾಲೀಕನೆಂದರೆ ವಾಹನ ಯಾರ ಸ್ವಾಧೀನದಲ್ಲಿದೆಯೋ ಅವನು, ಸಾಲ ಕೊಟ್ಟ ಫೈನಾನ್ಸ್ ಕಂಪನಿಯಲ್ಲ.

ಸ್ಥಳದಲ್ಲಿ ಫೋಟೋ ತೆಗೆಯುವಾಗ ಮುಂದಿನ ನಂಬರ್ ಪ್ಲೇಟ್ ಒಂದೇ ಸಾಲದು. ಕಬ್ಬು ತುಂಬಿದ ಟ್ರ್ಯಾಕ್ಟರ್ ಆಗಿದ್ದರೆ ಎಂಜಿನ್ನಿಗೆ ಒಂದು ನಂಬರು, ಟ್ರೇಲರಿಗೆ ಬೇರೊಂದು ನಂಬರು ಇರಬೇಕು. ಹಿಂದಿನ ಟ್ರೇಲರಿಗೆ ನಂಬರೇ ಇಲ್ಲದಿದ್ದರೆ, ಅದಕ್ಕೆ ವಿಮೆ ಇತ್ತೇ ಎಂಬ ಪ್ರಶ್ನೆ ಮುಂದೆ ಏಳುವುದರಿಂದ, ಅದು ಕಾಣುವಂತೆ ಇನ್ನೊಂದು ಫೋಟೋ ತೆಗೆದಿಡಿ. ಎಫ್‌ಐಆರ್, ಪಂಚನಾಮೆ, ಐಎಂವಿ ವರದಿ (ಮೋಟಾರು ವಾಹನ ನಿರೀಕ್ಷಕರು ವಾಹನ ಪರಿಶೀಲಿಸಿ ಕೊಡುವ ವರದಿ), ಆರ್‌ಸಿ, ಪರ್ಮಿಟ್, ಫಿಟ್‌ನೆಸ್, ಚಾಲಕನ ಲೈಸೆನ್ಸ್, ವಿಮಾ ಪಾಲಿಸಿ ಇವುಗಳ ನಕಲುಗಳನ್ನು ಠಾಣೆಯಿಂದ ಪಡೆಯಿರಿ.

ಲೈಸೆನ್ಸ್ ನಕಲಿ ಎಂದೋ ಪರ್ಮಿಟ್ ಇರಲಿಲ್ಲವೆಂದೋ ವಿಮಾ ಕಂಪನಿ ಹೊಣೆ ತಪ್ಪಿಸಿಕೊಳ್ಳಲು ನೋಡಿದರೆ ಗಾಬರಿ ಬೇಡ. ಅಂಥ ಸಂದರ್ಭದಲ್ಲಿ ಕಂಪನಿ ಮೊದಲು ಪರಿಹಾರ ಕೊಟ್ಟು, ಬಳಿಕ ಮಾಲೀಕನಿಂದ ವಸೂಲಿ ಮಾಡಿಕೊಳ್ಳಬೇಕೆಂದು ನ್ಯಾಯಾಲಯಗಳು ಆದೇಶಿಸುವುದುಂಟು. ಆದರೆ ಗಾಯಗೊಂಡವರು ಸರಕಿನ ಲಾರಿಯಲ್ಲಿ ಸುಮ್ಮನೆ ಹತ್ತಿ ಹೊರಟಿದ್ದ ಪ್ರಯಾಣಿಕರಾದರೆ ವಿಮೆ ಅವರಿಗೆ ಅನ್ವಯಿಸುವುದಿಲ್ಲ, ಮಾಲೀಕನ ಹೊಣೆ ಮಾತ್ರ ಉಳಿಯುತ್ತದೆ. ಸರಕಿನ ಒಡೆಯನಾಗಿ ಅಥವಾ ಅವನ ಪ್ರತಿನಿಧಿಯಾಗಿ ಕುಳಿತಿದ್ದರೆ ರಕ್ಷಣೆಯಿದೆ. ಅದನ್ನು ತೋರಿಸಲು ಸರಕಿನ ಬಿಲ್ಲು ಬೇಕಾಗುತ್ತದೆ.

ಲಾರಿ ಮಹಾರಾಷ್ಟ್ರದ್ದಾದರೂ ಕೊಲ್ಹಾಪುರಕ್ಕೆ ಅಲೆಯಬೇಕಿಲ್ಲ. ಅಪಘಾತ ಬೆಳಗಾವಿಯಲ್ಲಿ ಆಗಿದ್ದರೆ, ಇಲ್ಲವೇ ಅರ್ಜಿದಾರರು ಇಲ್ಲಿಯೇ ವಾಸವಾಗಿದ್ದರೆ, ಇಲ್ಲಿನ ಮೋಟಾರು ಅಪಘಾತ ಪರಿಹಾರ ನ್ಯಾಯಮಂಡಳಿಯಲ್ಲಿ ಮೋಟಾರು ವಾಹನ ಕಾಯ್ದೆ 1988ರ ಕಲಂ 166ರಡಿ ಅರ್ಜಿ ಹಾಕಬಹುದು. 2022ರ ಏಪ್ರಿಲ್ 1ರಿಂದ ಜಾರಿಯಲ್ಲಿರುವ ತಿದ್ದುಪಡಿಯಂತೆ ಇದಕ್ಕೆ ಅಪಘಾತವಾದ ದಿನದಿಂದ ಆರು ತಿಂಗಳ ಮಿತಿಯಿದೆ.

ಕಲಂ 164ರಡಿ, ಯಾರದು ತಪ್ಪೆಂದು ಸಾಬೀತು ಮಾಡದೆಯೇ ಮರಣಕ್ಕೆ 5 ಲಕ್ಷ, ತೀವ್ರ ಗಾಯಕ್ಕೆ 2.5 ಲಕ್ಷ ರೂಪಾಯಿ ದೊರೆಯುತ್ತದೆ. ಆದರೆ ವಿಮಾ ಕಂಪನಿಯೊಂದಿಗಿನ ಇತ್ಯರ್ಥದಲ್ಲಿ ಈ ಮೊತ್ತ ಒಪ್ಪಿಕೊಂಡರೆ 166ರ ಅರ್ಜಿ ಬಿದ್ದುಹೋಗುತ್ತದೆ. ದುಡಿಯುವ ವಯಸ್ಸಿನವರು ತೀರಿಕೊಂಡ ಮನೆಗಳಿಗೆ 166ರಡಿ ಸಿಗುವ ಮೊತ್ತ ಇದಕ್ಕಿಂತ ಬಹಳ ದೊಡ್ಡದಾಗಿರಬಹುದಾದ್ದರಿಂದ, ವಕೀಲರಿಂದ ಲೆಕ್ಕ ಹಾಕಿಸದೆ ಆ ಕಾಗದಕ್ಕೆ ಸಹಿ ಮಾಡಬಾರದು.